82ರ ಅಮ್ಮನ ಮೊಣಕೈ ಮುರಿದಿದೆ, ಆಪರೇಷನ್ ಬೇಡ ಅಂದಿದ್ದಾರೆ. ಕೈ ಉಳಿಯುತ್ತದಾ?

ತಿಪಟೂರಿನ ಮಗಳು ಕೇಳಿದ್ದು:

ನಮ್ಮಮ್ಮನಿಗೆ 82 ವರ್ಷ. ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದರು, ಎಡ ಮೊಣಕೈ ನೇರ ನೆಲಕ್ಕೆ ಬಡಿಯಿತು. ಕೂತಾಗ ಮೇಜಿನ ಮೇಲೆ ಊರುತ್ತೇವಲ್ಲ, ಮೊಣಕೈ ಹಿಂದಿನ ಆ ಗಟ್ಟಿ ಮೂಳೆ ಎರಡಾಗಿದೆ. ಎಕ್ಸ್‌ರೇಯಲ್ಲಿ ನಮಗೇ ಕಾಣುತ್ತೆ, ಮೇಲಿನ ತುಂಡು ಒಂದು ಬೆರಳಿನಷ್ಟು ಮೇಲಕ್ಕೆ ಹೋಗಿಬಿಟ್ಟಿದೆ. ಚರ್ಮ ಹರಿದಿಲ್ಲ, ಕಪ್ಪಗೆ ಕಂದಿದೆ ಅಷ್ಟೆ.

ಮೊದಲು ತೋರಿಸಿದ ಡಾಕ್ಟರು ತಂತಿ ಹಾಕಿ ಕಟ್ಟಬೇಕು ಅಂದರು. ಫಿಟ್‌ನೆಸ್‌ಗೆ ಅಂತ ಎಕೋ ಮಾಡಿಸಿದಾಗ ಹೃದಯದ ಪಂಪಿಂಗ್ 35 ಪರ್ಸೆಂಟ್ ಮಾತ್ರ ಬಂತು. ಕೆಲವು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ, ರಕ್ತ ತೆಳು ಮಾಡುವ ಕ್ಲೊಪಿಡೊಗ್ರೆಲ್ ನಡೀತಿದೆ, ಶುಗರ್ ಇದೆ. ತುಮಕೂರಿಗೆ ಹೋಗಿ ಇನ್ನೊಬ್ಬರ ಹತ್ತಿರ ಕೇಳಿದೆವು. ಅವರು ಎಕ್ಸ್‌ರೇ ನೋಡಿದ್ದಕ್ಕಿಂತ ಅಮ್ಮನನ್ನು ಮಾತಾಡಿಸಿದ್ದೇ ಹೆಚ್ಚು. ಮನೇಲಿ ಏನು ಕೆಲಸ ಮಾಡ್ತೀರಿ, ಮಂಚದಿಂದ ಹೇಗೆ ಏಳ್ತೀರಿ, ಕೋಲು ಯಾವ ಕೈಲಿ ಹಿಡೀತೀರಿ, ಅಡುಗೆ ಯಾರು ಮಾಡ್ತಾರೆ, ಎಲ್ಲ ಕೇಳಿದರು. ಅಮ್ಮ ಕೋಲು ಹಿಡಿಯೋದು ಬಲಗೈಲಿ. ಕೊನೆಗೆ "ಇದಕ್ಕೆ ಆಪರೇಷನ್ ಬೇಡ, ಎರಡು ಮೂರು ವಾರ ಸ್ಲ್ಯಾಬ್, ಅಂದ್ರೆ ಅರ್ಧ ಪ್ಲಾಸ್ಟರ್ ಕಟ್ಟು, ಇರಲಿ, ಆಮೇಲೆ ಕೈ ಆಡಿಸೋಣ" ಅಂದರು.

ಈಗ ಮನೇಲಿ ಒಬ್ಬೊಬ್ಬರದು ಒಂದೊಂದು ಮಾತು. ಬೆಂಗಳೂರಲ್ಲಿರೋ ಅಣ್ಣ "ವಯಸ್ಸಾಯ್ತು ಅಂತ ಕೈಬಿಟ್ಟರಾ? ಹಾರ್ಟ್ ನೆಪ ಹೇಳ್ತಿದಾರಾ?" ಅಂತ ಫೋನಲ್ಲೇ ಕೂಗಾಡಿದ. ಚಿಕ್ಕಪ್ಪ ಈ ಸ್ಲ್ಯಾಬ್ ಬಿಚ್ಚಿಸಿ ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸೋಣ ಅಂತಾರೆ. ಅಮ್ಮ ಕೇಳೋದು ಎರಡೇ: ತುರುಬು ಕಟ್ಟಿಕೊಳ್ಳೋಕೆ ಆಗುತ್ತಾ, ಹೂಬತ್ತಿ ಹೊಸೆಯೋಕೆ ಆಗುತ್ತಾ?

ಒಂದು ಬೆರಳು ದೂರ ಹೋದ ಮೂಳೆ ತಾನಾಗೇ ಹೇಗೆ ಕೂಡುತ್ತೆ? ಕೂಡದಿದ್ದರೆ ಕೈ ಸುಮ್ಮನೆ ನೇತಾಡುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ. ಇನ್ನೊಂದು ವಿಷಯ, ಬಳೆಗಳನ್ನ ಆಸ್ಪತ್ರೇಲೇ ತೆಗೆಸಿದರು, ಆದರೆ ಎಡಗೈ ಉಂಗುರ ಊತದಿಂದ ಬರ್ತಿಲ್ಲ. ಅಪ್ಪ ಹಾಕಿದ ಉಂಗುರ ಅಂತ ಕತ್ತರಿಸೋಕೆ ಅಮ್ಮ ಬಿಡ್ತಿಲ್ಲ.

ಧಾರವಾಡ ಕಡೆಯವ:

ಅಕ್ಕಾರ, ಅಂಜಬ್ಯಾಡ್ರಿ. ನಮ್ಮವ್ವಗೂ ಇದ ಮೂಳಿ ಮುರದಿತ್ತು, ಬಲಗೈದು. ಹಿತ್ತಲದಾಗ ಕಟ್ಟಿಗಿ ತರಲಿಕ್ಕೆ ಹೋಗಿ ಬಿದ್ದಿದ್ಲು. ಆಪರೇಷನ್ ಮಾಡಸಲಿಲ್ಲ. ಈಗ ಎರಡು ವರ್ಷದ ಮ್ಯಾಲಾತು. ಇವತ್ತು ಎಕ್ಸ್‌ರೇ ತಗದ್ರೂ ಸಂದು ಹಂಗ ಕಾಣತೈತಿ, ಮೂಳಿ ಕೂಡೇ ಇಲ್ಲ. ಆದ್ರ ನೋವು ಇಲ್ಲರಿ. ತುತ್ತು ಬಾಯಿಗೆ ಹೋಗತೈತಿ, ಸೀರಿ ತಾನ ಉಟ್ಟಕೋತಾಳ, ಜ್ವಾಳದ ರೊಟ್ಟಿ ಬಡೀತಾಳ.

ಏನು ಆಗೂದಿಲ್ಲ ಅನ್ನೂದನ್ನೂ ಹೇಳತೀನಿ, ಮುಚ್ಚಿಡೂದಿಲ್ಲ. ಹಿಟ್ಟು ನಾದೂದು ಆಗೂದಿಲ್ಲ. ಒತ್ತಿ ನಾದಬೇಕಂದ್ರ ಆ ಕೈ ಸೋಲತೈತಿ. ಅದನ್ನ ನನ್ನ ಹೆಂಡ್ತಿ ನಾದಿ ಕೊಡತಾಳ, ಅವ್ವ ಬಡೀತಾಳ. ಮ್ಯಾಲಿನ ಹಲಗಿ ಮ್ಯಾಲಿಂದ ಡಬ್ಬಿ ಇಳಸಬೇಕಂದ್ರ ಎಡಗೈ ಹಚ್ಚತಾಳ. ಕೆಳಗ ಕುಂತಾಕಿ ಏಳಬೇಕಂದ್ರೂ ಎಡಗೈನ ಊರತಾಳ. ಮೊದಲನೇ ತಿಂಗಳು ಮಾತ್ರ ಭಾಳ ತ್ರಾಸ ಆತ್ರಿ, ರಾತ್ರಿ ನಿದ್ದಿ ಇಲ್ಲ, ಅಕಿಗೂ ಇಲ್ಲ ನಮಗೂ ಇಲ್ಲ. ಎರಡು ದಿಂಬಿನ ಮ್ಯಾಲೆ ಕೈ ಎತ್ತಿಟ್ಟು, ಬೆನ್ನಿಗೂ ದಿಂಬು ಕೊಟ್ಟು ಅರ್ಧ ಕುಂದರಿಸಿ ಮಲಗಸತಿದ್ವಿ.

ನಿಮ್ಮ ಅಣ್ಣಾವ್ರಿಗೆ ಹೇಳ್ರಿ, ಕೈಬಿಟ್ಟಿಲ್ಲ ಯಾರೂ. ಎಡಗೈ ಅಂತೀರಿ, ನಿಮ್ಮ ಅವ್ವಾರಿಗೆ ಇನ್ನೂ ಅನುಕೂಲ ಆಗತೈತಿ.

ಎಲುಬು ಕೀಲು ವೈದ್ಯ, ಹಾಸನ ಜಿಲ್ಲೆ:

ಮೊದಲು ಉಂಗುರ. ಇವತ್ತೇ ತೆಗೆಸಿ. ಊತ ಬೆರಳಿಗೆ ಇಳಿದರೆ ಉಂಗುರದ ಕೆಳಗೆ ರಕ್ತ ಓಡುವುದು ನಿಲ್ಲಬಹುದು, ಶುಗರ್ ಇರುವವರಲ್ಲಿ ಅದನ್ನು ಕಾಯುತ್ತ ಕೂರಬಾರದು. ಕೈಯನ್ನು ಸ್ವಲ್ಪ ಹೊತ್ತು ಎದೆಗಿಂತ ಮೇಲೆ ಇಟ್ಟು, ಸೋಪು ನೀರು ಹಚ್ಚಿ ನೋಡಿ. ಬರದಿದ್ದರೆ ಕತ್ತರಿಸಿ. ಅಕ್ಕಸಾಲಿಗರು ಅದೇ ಚಿನ್ನವನ್ನು ಬೆಸೆದು ಅದೇ ಉಂಗುರವನ್ನು ಕೊಡುತ್ತಾರೆ ಅಂತ ಅಮ್ಮನಿಗೆ ಹೇಳಿ, ಒಪ್ಪುತ್ತಾರೆ.

ಈಗ ಮೂಳೆಯ ವಿಷಯ. ಮುರಿದಿರುವುದು ಮುಂಗೈಯ ಅಲ್ನಾ ಎಂಬ ಮೂಳೆಯ ಹಿಂತುದಿ, ನಾವು ಓಲೆಕ್ರೆನಾನ್ ಅನ್ನುತ್ತೇವೆ. ತೋಳಿನ ಹಿಂಭಾಗದ ದೊಡ್ಡ ಸ್ನಾಯು, ಟ್ರೈಸೆಪ್ಸ್, ಬಂದು ಹಿಡಿದುಕೊಳ್ಳುವುದು ಅದೇ ತುದಿಗೆ. ತುದಿ ಮುರಿದಾಗ ಆ ಸ್ನಾಯು ತುಂಡನ್ನು ಮೇಲಕ್ಕೆ ಎಳೆಯುತ್ತದೆ, ನಿಮಗೆ ಎಕ್ಸ್‌ರೇಯಲ್ಲಿ ಕಂಡ ಸಂದು ಅದು. ಟ್ರೈಸೆಪ್ಸ್‌ನ ಕೆಲಸ ಕೈಯನ್ನು ನೇರ ಮಾಡುವುದು. ಕೈ ಮಡಚುವುದು ಬೇರೆ ಸ್ನಾಯುಗಳ ಕೆಲಸ, ಅವು ತೋಳಿನ ಮುಂಭಾಗದಲ್ಲಿವೆ, ಅವಕ್ಕೆ ಏನೂ ಆಗಿಲ್ಲ. ತುತ್ತು ಬಾಯಿಗೆ ತರುವುದು, ಕುಂಕುಮ ಇಡುವುದು, ಸೆರಗು ಸರಿಮಾಡುವುದು ಎಲ್ಲ ಆ ಮುಂದಿನ ಸ್ನಾಯುಗಳಿಂದ ನಡೆಯುತ್ತದೆ.

ಹಾಗಾದರೆ ಮಡಚಿದ ಕೈ ನೇರ ಆಗುವುದು ಹೇಗೆ? ನಿಂತಾಗ ಕೂತಾಗ ಕೈ ತನ್ನ ತೂಕಕ್ಕೇ ಇಳಿದು ನೇರ ಆಗುತ್ತದೆ. ಜೊತೆಗೆ ಟ್ರೈಸೆಪ್ಸ್‌ನ ಹಾಳೆಯಂಥ ಎರಡು ಪಕ್ಕದ ಪಟ್ಟಿಗಳು ಮುಂಗೈಯ ಪೊರೆಗೆ ಹೋಗಿ ಸೇರುತ್ತವೆ. ಅವು ಪೂರ್ತಿ ಹರಿಯದಿದ್ದರೆ ನೇರ ಮಾಡುವ ಶಕ್ತಿ ಸ್ವಲ್ಪ ಉಳಿದೇ ಇರುತ್ತದೆ. ಸಂದಿನಲ್ಲಿ ಕ್ರಮೇಣ ನಾರಿನಂಥ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತದೆ. ಎಕ್ಸ್‌ರೇಗೆ ಅದು ಕಾಣುವುದಿಲ್ಲ, ಕೈಗೆ ಆಧಾರ ಕೊಡುತ್ತದೆ. ಧಾರವಾಡದವರು ಬರೆದದ್ದು ಅಕ್ಷರಶಃ ಇದೇ. ನಾದಲು ಒತ್ತಬೇಕು, ಒತ್ತಲು ಟ್ರೈಸೆಪ್ಸ್ ಬೇಕು. ಬಡಿಯಲು ಅಷ್ಟು ಬೇಡ. ಅವರ ತಾಯಿಯ ಕೈಯಲ್ಲಿ ಏನು ಉಳಿಯಿತು, ಏನು ಹೋಯಿತು ಎನ್ನುವುದನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಆಪರೇಷನ್ ಯಾಕೆ ಬೇಡ ಅನ್ನುತ್ತಾರೆ? ನಿಮ್ಮ ಅಣ್ಣ ಕೇಳಿದ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡುತ್ತೇನೆ. ಹೃದಯ ಒಂದೇ ಕಾರಣ ಆಗಿದ್ದರೆ ಭುಜದ ಹತ್ತಿರ ಇಂಜೆಕ್ಷನ್ ಕೊಟ್ಟು ಕೈಯನ್ನು ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡುವ ದಾರಿ ಇದೆ. ಅಸಲು ಕಾರಣ ಮೂಳೆ ಮತ್ತು ಚರ್ಮ. ಸಾಮಾನ್ಯವಾಗಿ ಎರಡು ಸ್ಟೀಲ್ ಸರಳು ತೂರಿಸಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಂತಿ ಬಿಗಿಯುತ್ತೇವೆ, ಇಲ್ಲವೇ ಪ್ಲೇಟ್ ಹಾಕುತ್ತೇವೆ. 40ರ ವಯಸ್ಸಿನವರಲ್ಲಿ ಇದು ಒಳ್ಳೆಯ ಆಪರೇಷನ್. 80 ದಾಟಿದವರ ಟೊಳ್ಳು ಮೂಳೆಯಲ್ಲಿ ತಂತಿಗೆ ಹಿಡಿತ ಸಿಗುವುದಿಲ್ಲ, ಟ್ರೈಸೆಪ್ಸ್ ಎಳೆದಾಗ ತಂತಿ ಮೂಳೆಯನ್ನು ಕೊಯ್ದುಕೊಂಡು ಬರುತ್ತದೆ. ಮೊಣಕೈ ತುದಿಯ ಮೇಲೆ ಚರ್ಮ ಬಿಟ್ಟರೆ ಮಾಂಸವೇ ಇಲ್ಲ, ಸರಳು ಹಿಂದೆ ಸರಿದು ಆ ಚರ್ಮವನ್ನು ಒಳಗಿಂದ ಚುಚ್ಚುತ್ತದೆ. ಗಾಯ ಒಣಗುವುದಿಲ್ಲ, ಕೀವು ಆಗುತ್ತದೆ, ತಂತಿ ತೆಗೆಯಲು ಇನ್ನೊಂದು ಆಪರೇಷನ್. ಶುಗರ್ ಇದ್ದರೆ ಹೇಳುವುದೇ ಬೇಡ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ 75 ದಾಟಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಇಲ್ಲ ಅಂತ ಅಧ್ಯಯನ ನಡೆಸಿದರು. 2017ರಲ್ಲಿ ಪ್ರಕಟವಾಯಿತು. ಆಪರೇಷನ್ ಆದ 11 ಮಂದಿಯಲ್ಲಿ 9 ಜನರಿಗೆ ತೊಂದರೆ ಕಾಣಿಸಿಕೊಂಡಿತು, ಮಾಡದೆ ಬಿಟ್ಟ 8 ಮಂದಿಯಲ್ಲಿ ಒಬ್ಬರಿಗೆ. ಒಂದು ವರ್ಷದ ನಂತರ ಎರಡೂ ಗುಂಪಿನವರ ಕೈ ಕೆಲಸ ಮಾಡುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಪರೇಷನ್ ಗುಂಪಿನಲ್ಲಿ ತೊಂದರೆ ಅಷ್ಟು ಹೆಚ್ಚಾಗಿದ್ದರಿಂದ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. 19 ಜನ ಅಂದರೆ ಸಣ್ಣ ಸಂಖ್ಯೆ, ಅದನ್ನು ನಾನು ಮರೆಯುವುದಿಲ್ಲ. ಆದರೂ ಜಿಲ್ಲಾ ಮಟ್ಟದಲ್ಲಿ ಇಷ್ಟು ವರ್ಷ ನಾನು ಕಂಡದ್ದಕ್ಕೂ ಅದಕ್ಕೂ ತಾಳೆಯಾಗುತ್ತದೆ.

ಹಾಗಂತ ವಯಸ್ಸಾದ ಎಲ್ಲರಿಗೂ ಹೀಗೇ ಬಿಡಬೇಕು ಅಂತಲ್ಲ. ಚರ್ಮ ಒಡೆದು ಮೂಳೆ ಹೊರಗೆ ಬಂದಿದ್ದರೆ ಆಪರೇಷನ್ ಥಿಯೇಟರಿಗೆ ಹೋಗಲೇಬೇಕು. ಮುಂಗೈ ಕೀಲಿನಿಂದಲೇ ಜಾರಿದ್ದರೆ, ಅಂದರೆ ಕೀಲು ಅಲುಗಾಡುತ್ತಿದ್ದರೆ, ಇದೇ ಮಾತು ಅನ್ವಯಿಸುವುದಿಲ್ಲ. ವಾಕರ್ ಹಿಡಿದು ಎರಡೂ ಕೈ ಊರಿ ನಡೆಯುವವರಿಗೆ ಟ್ರೈಸೆಪ್ಸ್ ಅಂದರೆ ಕಾಲಿದ್ದ ಹಾಗೆ, ಅವರ ವಿಷಯದಲ್ಲಿ ನಾನು ಎರಡು ಸಲ ಯೋಚಿಸುತ್ತೇನೆ. 76ರ ಕಾಫಿ ಬೆಳೆಗಾರರೊಬ್ಬರು ಇವತ್ತಿಗೂ ಏಣಿ ಹತ್ತಿ ಮೆಣಸು ಬಿಡಿಸುವವರು, ಅವರಿಗೆ ನಾನೇ ಪ್ಲೇಟ್ ಹಾಕಿದೆ, ಹಾಕಬೇಕಾಗಿತ್ತು. ತುಮಕೂರಿನ ಡಾಕ್ಟರು ಕೋಲು ಯಾವ ಕೈಲಿ ಹಿಡೀತೀರಿ ಅಂತ ಕೇಳಿದರಲ್ಲ, ಇಡೀ ತೀರ್ಮಾನ ಆ ಪ್ರಶ್ನೆಯೊಳಗೆ ಇದೆ. ಅವರನ್ನು ನಂಬಿ.

ಇನ್ನು ಚಿಕ್ಕಪ್ಪನವರ ಕಟ್ಟು. ದಯವಿಟ್ಟು ಬೇಡ. ಕಟ್ಟು ಹಾಕುವವರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಮೊಣಕೈ ಬೇರೆ ಮೂಳೆಗಳ ಹಾಗಲ್ಲ. ಬಿಗಿ ಕಟ್ಟಿನಡಿ ಊತ ಹೆಚ್ಚಾದರೆ ಮುಂಗೈ ಸ್ನಾಯುಗಳಿಗೆ ರಕ್ತ ಸಿಗದೆ ಸಾಯುತ್ತವೆ, ಕೈ ಶಾಶ್ವತವಾಗಿ ಮುದುರಿಕೊಳ್ಳುತ್ತದೆ. ಎಣ್ಣೆ ಹಾಕಿ ತಿಕ್ಕಿ ಎಳೆದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಕಲ್ಲಾಗುತ್ತದೆ. ಅಂಥ ಕೈಗಳನ್ನು ನೋಡಿದ್ದೇನೆ. ಅಷ್ಟಾದ ಮೇಲೆ ನಮ್ಮ ಹತ್ತಿರ ಬಂದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಆಪರೇಷನ್ ಇಲ್ಲ ಅಂದರೆ ಚಿಕಿತ್ಸೆ ಇಲ್ಲ ಅಂತ ತಿಳಿಯಬೇಡಿ. ಮೂರು ವಾರಕ್ಕಿಂತ ಹೆಚ್ಚು ಸ್ಲ್ಯಾಬ್‌ನಲ್ಲಿ ಇಟ್ಟರೆ ವಯಸ್ಸಾದವರ ಮೊಣಕೈ ಬಿಗಿದುಬಿಡುತ್ತದೆ, ಮುರಿತಕ್ಕಿಂತ ಆ ಬಿಗಿತವೇ ದೊಡ್ಡ ಕಷ್ಟ. ಬೆರಳು, ಮಣಿಕಟ್ಟು, ಭುಜವನ್ನು ಇವತ್ತಿನಿಂದಲೇ ಆಡಿಸುತ್ತಿರಬೇಕು. ಬೆರಳು ತಣ್ಣಗಾದರೆ, ನೀಲಿ ಆದರೆ, ಮಾತ್ರೆಗೂ ಬಗ್ಗದ ನೋವು ಬಂದರೆ, ಬೆರಳನ್ನು ನೇರ ಚಾಚಿದಾಗ ಪ್ರಾಣ ಹೋಗುವಂತೆ ಕೂಗಿದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ತಂದು ಕೊಡಬೇಡಿ, 35 ಪರ್ಸೆಂಟ್ ಪಂಪಿಂಗ್ ಇರುವ ಹೃದಯಕ್ಕೆ, ಕಿಡ್ನಿಗೆ ಅವು ಆಗಿಬರುವುದಿಲ್ಲ. ಕ್ಲೊಪಿಡೊಗ್ರೆಲ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಕ್ಲೊಪಿಡೊಗ್ರೆಲ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಹೂಬತ್ತಿ ಖಂಡಿತ ಹೊಸೆಯುತ್ತಾರೆ, ಅದು ಬೆರಳಿನ ಕೆಲಸ. ಸ್ಲ್ಯಾಬ್ ಇರುವಾಗಲೂ ಹೊಸೆಯಬಹುದು, ಬೆರಳಿಗೆ ಒಳ್ಳೆಯ ವ್ಯಾಯಾಮ. ತುರುಬಿನ ಬಗ್ಗೆ ಈಗಲೇ ಮಾತು ಕೊಡುವುದಿಲ್ಲ. ತಲೆಯ ಹಿಂದೆ ಕೈ ಎತ್ತಿ ಹಿಡಿದುಕೊಳ್ಳುವುದು ಟ್ರೈಸೆಪ್ಸ್‌ಗೆ ಕಷ್ಟದ ಕೆಲಸ.

ರಾಜಾಜಿನಗರದಿಂದ:

ಡಾಕ್ಟ್ರೇ, ಮಧ್ಯೆ ಬಂದೆ ಅಂತ ಬೇಸರ ಬೇಡ. ನಮ್ಮ ತಂದೆಗೆ 84. ಅವರದೂ ಮೊಣಕೈ ಮುರಿತವೇ, ಆದರೆ ಮೇಲಿನ ಮೂಳೆಯ ಕೆಳತುದಿ ಅಂತೆ, ನಾಲ್ಕೈದು ಚೂರು. ಒಂದು ಕಡೆ ಎರಡು ಪ್ಲೇಟ್ ಅಂದರು, ಇನ್ನೊಂದು ಕಡೆ ಮೊಣಕೈ ಕೀಲನ್ನೇ ಬದಲಾಯಿಸೋಣ ಅಂದರು. ಮೂರನೆಯವರು ಏನೂ ಬೇಡ, ಸ್ಲಿಂಗ್ ಹಾಕಿ ಎರಡು ವಾರ ಬಿಟ್ಟು ಆಡಿಸಿ ಅಂದರು. ತಂದೆಗೆ ಮರೆವಿನ ಕಾಯಿಲೆ, ಆಪರೇಷನ್ ಆದ ಮೇಲೆ ಬ್ಯಾಂಡೇಜ್ ಕಿತ್ತುಕೊಳ್ಳೋದು ಗ್ಯಾರಂಟಿ. ಮೂರನೆಯವರ ಮಾತು ಕೇಳಿದ್ವಿ. ಮೊಣಕೈ ಸ್ವಲ್ಪ ಸೊಟ್ಟ ಕಾಣುತ್ತೆ, ಆಡಿಸುವಾಗ ಕಟಕಟ ಅನ್ನುತ್ತೆ, ಪೂರ್ತಿ ನೇರ ಆಗಲ್ಲ. ಆದರೆ ಕಾಫಿ ಲೋಟ ತಾವೇ ಹಿಡಿದು ಕುಡೀತಾರೆ, ಪೇಪರ್ ಮಗುಚ್ತಾರೆ. ಇದೂ ಓಲೆಕ್ರೆನಾನ್ ಥರಾನೇನಾ? ಕೀಲು ಬದಲಾಯಿಸಿದ್ರೆ ಇನ್ನೂ ಚೆನ್ನಾಗಿರ್ತಿತ್ತಾ ಅಂತ ತಂಗಿ ಈಗಲೂ ಕೇಳ್ತಾಳೆ.

ಎಲುಬು ಕೀಲು ವೈದ್ಯ, ಹಾಸನ ಜಿಲ್ಲೆ:

ಬೇರೆ ಮುರಿತ, ಹೆಚ್ಚು ಕಷ್ಟದ್ದು. ಅಲ್ಲಿ ಕೀಲಿನ ಮೇಲ್ಮೈಯೇ ಒಡೆದಿರುತ್ತದೆ, ಆದ್ದರಿಂದ ಒಳ್ಳೆಯ ಆರೋಗ್ಯ ಇರುವವರಲ್ಲಿ ಪ್ಲೇಟ್ ಅಥವಾ ಕೃತಕ ಕೀಲಿನ ಕಡೆ ಯೋಚಿಸುವುದು ಸರಿ. ಕೃತಕ ಕೀಲಿನಲ್ಲಿ ಕೈ ಬೇಗ ಆಡುತ್ತದೆ, ನೋವು ಬೇಗ ಕಡಿಮೆಯಾಗುತ್ತದೆ. ಆದರೆ ಜೀವನಪೂರ್ತಿ ಆ ಕೈಯಲ್ಲಿ 5 ಕೆಜಿಗಿಂತ ಹೆಚ್ಚು ಎತ್ತಬಾರದು ಎಂಬ ಷರತ್ತು ಇರುತ್ತದೆ, ಸೋಂಕು ತಗುಲಿದರೆ ಇಡೀ ಕೀಲು ತೆಗೆಯಬೇಕಾಗಬಹುದು. ಮರೆವು ಇರುವವರಿಗೆ ಷರತ್ತನ್ನು ಹೇಳುವುದು ಹೇಗೆ, ಪಾಲಿಸುವುದು ಹೇಗೆ? ಚೂರುಗಳನ್ನು ಹಾಗೆಯೇ ಬಿಟ್ಟು ಬೇಗ ಕೈ ಆಡಿಸುವ ವಿಧಾನ ತುಂಬ ಹಳೆಯದು, 1930ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನಿಮ್ಮ ತಂದೆ ಲೋಟ ಬಾಯಿಗೆ ತರುತ್ತಿದ್ದಾರೆ ಅಂದರೆ, ನೇರ ಕೈಯನ್ನು ಸೊನ್ನೆ ಅಂತ ಲೆಕ್ಕ ಹಾಕಿದರೆ, ಮೊಣಕೈ ಸುಮಾರು 130 ಡಿಗ್ರಿ ಮಡಚುತ್ತಿದೆ. ದಿನದ ಬಹುಪಾಲು ಕೆಲಸಗಳಿಗೆ 30ರಿಂದ 130 ಡಿಗ್ರಿಯ ಓಡಾಟ ಇದ್ದರೆ ಸಾಕು, ಪೂರ್ತಿ ನೇರ ಆಗಬೇಕೆಂದೇನಿಲ್ಲ. ತಂಗಿಗೆ ನೆಮ್ಮದಿಯಿಂದ ಇರಲು ಹೇಳಿ.

ಫಿಸಿಯೋ, ಉಡುಪಿ:

ಡಾಕ್ಟರು ಹೇಳಿದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ, ಯಾಕೆಂದರೆ ಸ್ಲ್ಯಾಬ್ ಬಿಚ್ಚಿದ ದಿನವೇ ಮನೆಯವರು ಹೆದರಿ ಕೈಯನ್ನು ಮತ್ತೆ ಜೋಳಿಗೆಗೆ ಹಾಕಿ ಕೂರಿಸುವುದನ್ನು ಯಾವಾಗಲೂ ಕಾಣುತ್ತೇನೆ.

ಅಮ್ಮನನ್ನು ಊಟದ ಮೇಜಿನ ಪಕ್ಕ ಕೂರಿಸಿ. ಮೇಜಿನ ಎತ್ತರ ಅವರ ಕಂಕುಳಿಗಿಂತ ಸ್ವಲ್ಪ ಕೆಳಗಿದ್ದರೆ ಒಳ್ಳೆಯದು. ಮೇಜಿನ ಮೇಲೆ ಸ್ವಲ್ಪ ಪೌಡರ್ ಉದುರಿಸಿ, ಮುಂಗೈ ಅದರ ಮೇಲೆ ಇಟ್ಟು ಮುಂದಕ್ಕೆ ಜಾರಿಸಲಿ, ಹಿಂದಕ್ಕೆ ಎಳೆದುಕೊಳ್ಳಲಿ. ಕೈಯ ತೂಕ ಮೇಜು ಹೊರುತ್ತದೆ, ಅಮ್ಮ ಬರೀ ಓಡಾಡಿಸಿದರೆ ಸಾಕು. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಆಮೇಲೆ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದು, ದಕ್ಷಿಣೆ ತೆಗೆದುಕೊಳ್ಳುವ ಹಾಗೆ ಒಮ್ಮೆ, ಕೊಡುವ ಹಾಗೆ ಒಮ್ಮೆ. ಇದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಚಿಲ್ಲರೆ ತೆಗೆದುಕೊಳ್ಳಲು ಅಂಗೈ ತಿರುಗುವುದಿಲ್ಲ. ಅಮ್ಮ ಬಗ್ಗಿಸಬೇಕು, ಅಮ್ಮ ನೇರ ಮಾಡಬೇಕು. ನೀವು ಹಿಡಿದು ಬಗ್ಗಿಸುವ ಹಾಗಿಲ್ಲ. ನೀರಿನ ಬಕೆಟ್ ನೇತುಹಾಕಿ ಕೈ ನೇರ ಮಾಡಿಸುವವರು ಇದ್ದಾರೆ, ಅದು ಬೇಡವೇ ಬೇಡ.

ಆ ಕೈ ಊರಿ ಏಳಬಾರದು, ಕನಿಷ್ಠ ಮೂರು ತಿಂಗಳು. ಎಡಗಡೆ ಮಲಗಿ ಏಳುವ ರೂಢಿ ಇದ್ದರೆ ಮಂಚವನ್ನು ತಿರುಗಿಸಿ ಹಾಕಿ, ಬಲಗೈ ಊರಿ ಏಳುವಂತಾಗುತ್ತದೆ. ತಗ್ಗಿನ ಮಣೆ, ಚಾಪೆ ಎತ್ತಿಡಿ, ಕೈಯಿರುವ ಎತ್ತರದ ಕುರ್ಚಿ ಕೊಡಿ. ಮುಂದೆ ಗುಂಡಿ ಇರುವ ಸಡಿಲ ರವಿಕೆ ಹೊಲಿಸಿ, ತೊಡಿಸುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ನೋವಿನ ಕೈ ಕೊನೆಗೆ. ಇಷ್ಟು ಗೊತ್ತಿದ್ದರೆ ಬೆಳಗ್ಗೆ ಬೆಳಗ್ಗೆ ಅಳುವುದು ತಪ್ಪುತ್ತದೆ.

ತುರುಬಿಗೆ ಒಂದು ಉಪಾಯ. ಕೈ ಎತ್ತಿ ತಲೆಗೆ ತರುವ ಬದಲು, ಮೇಜಿನ ಮೇಲೆ ಮೊಣಕೈ ಪಕ್ಕಕ್ಕೆ ದಿಂಬು ಇಟ್ಟು ತೋಳಿಗೆ ಆಧಾರ ಕೊಟ್ಟು, ತಲೆಯನ್ನು ಕೈ ಕಡೆ ಬಗ್ಗಿಸಲಿ. ನನ್ನ ಹತ್ತಿರ ಬರುವ ಎಷ್ಟೋ ಅಜ್ಜಿಯರು ಹೀಗೇ ಜಡೆ ಹಾಕಿಕೊಳ್ಳುತ್ತಾರೆ.

ತಿಪಟೂರಿನ ಮಗಳು:

ಎಲ್ಲರಿಗೂ ಕೈ ಮುಗಿದು ನಮಸ್ಕಾರ. ಈ ಎಳೆಯನ್ನ ಪೂರ್ತಿ ಅಣ್ಣನಿಗೆ ಓದಿ ಹೇಳಿದೆ. ಅವನೇ ಬಂದು ಬಚ್ಚಲಿಗೆ ಹಿಡಿಕೆ ಹಾಕಿಸಿ, ಪಾಚಿ ಕಟ್ಟಿದ್ದ ಕಡಪ ಕಲ್ಲು ತೆಗೆಸಿ ಒರಟು ಟೈಲ್ಸ್ ಹಾಕಿಸಿದ. ಚಿಕ್ಕಪ್ಪನೂ ಕಟ್ಟಿನ ಮಾತು ಬಿಟ್ಟರು. ಉಂಗುರ ಸೋಪು ನೀರಿಗೇ ಬಂತು.

ಸ್ಲ್ಯಾಬ್ ತೆಗೆದಾಯ್ತು. ಪೌಡರ್ ವ್ಯಾಯಾಮ ಅಮ್ಮನಿಗೆ ಇಷ್ಟ ಆಗಿದೆ. ಕೈ ಈಗ ಕರಿಮಣಿ ಮುಟ್ಟುತ್ತೆ, ಬಾಯಿ ತನಕ ಇನ್ನೂ ನಾಲ್ಕು ಬೆರಳು ಬಾಕಿ. ಹೂಬತ್ತಿ ಮಾಡಿ ಮಾಡಿ ಡಬ್ಬಿ ತುಂಬಿಸಿದ್ದಾರೆ. ಎರಡು ಅನುಮಾನ. ಕಿರುಬೆರಳು, ಅದರ ಪಕ್ಕದ ಬೆರಳು ಜುಮ್ ಅನ್ನುತ್ತೆ ಅಂತಾರೆ, ಇದು ಹೃದಯದ್ದಾ ಅಂತ ಭಯ. ಮತ್ತೆ ಮೂಳೆ ಗಟ್ಟಿಯಾಗೋಕೆ ವರ್ಷಕ್ಕೊಂದು ಇಂಜೆಕ್ಷನ್ ಇದೆ ಅಂತ ಪಕ್ಕದ ಮನೆಯವರು ಹೇಳಿದರು, ಕೊಡಿಸಬಹುದಾ?

ಎಲುಬು ಕೀಲು ವೈದ್ಯ, ಹಾಸನ ಜಿಲ್ಲೆ:

ಆ ಎರಡು ಬೆರಳಿಗೆ ಹೋಗುವ ನರ ಮೊಣಕೈಯ ಒಳಮಗ್ಗುಲಲ್ಲಿ, ಮೂಳೆಗೆ ಅಂಟಿಕೊಂಡೇ ಹಾದುಹೋಗುತ್ತದೆ. ಏನಕ್ಕಾದರೂ ತಾಗಿದಾಗ ಕರೆಂಟು ಹೊಡೆದ ಹಾಗೆ ಆಗುವುದು ಆ ನರ. ಊತಕ್ಕೆ, ಇಲ್ಲವೇ ಮೊಣಕೈಯನ್ನು ಗಟ್ಟಿ ಜಾಗದ ಮೇಲೆ ಊರಿ ಕೂರುವುದಕ್ಕೆ ಅದು ಜುಮ್ಮೆನ್ನುತ್ತಿರಬಹುದು. ಮೇಜಿನ ಮೇಲೆ ವ್ಯಾಯಾಮ ಮಾಡುವಾಗ ಮೊಣಕೈ ಕೆಳಗೆ ಮೆತ್ತನೆ ಟವೆಲ್ ಮಡಚಿ ಇಡಿ, ರಾತ್ರಿ ಕೈಯನ್ನು ತೀರಾ ಮಡಚಿಕೊಂಡು ಮಲಗದಂತೆ ನೋಡಿಕೊಳ್ಳಿ. ಅಮ್ಮನಿಗೆ ಒಂದು ಕಾಗದವನ್ನು ಎರಡು ಬೆರಳಿನ ಸಂದಿಯಲ್ಲಿ ಬಿಗಿ ಹಿಡಿಯಲು ಹೇಳಿ ನೀವು ಎಳೆಯಿರಿ. ಹಿಡಿತ ಬಲಗೈಗಿಂತ ಸೋತಿದ್ದರೆ, ಇಲ್ಲವೇ ಜುಮ್ಮು ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದರೆ ಮುಂದಿನ ತಾರೀಖಿಗೆ ಕಾಯದೆ ತುಮಕೂರಿಗೆ ಹೋಗಿ ತೋರಿಸಿ. ಎದೆ ನೋವು, ಉಬ್ಬಸ, ಬೆವರು ಜೊತೆಗಿದ್ದರೆ ಹೃದಯದ ಲೆಕ್ಕ, ಆಗ ತಡಮಾಡಬಾರದು.

ಇಂಜೆಕ್ಷನ್ ಹೆಸರು ಜೊಲೆಡ್ರೊನಿಕ್ ಆಸಿಡ್, 5 ಮಿಲಿಗ್ರಾಂ, ವರ್ಷಕ್ಕೊಮ್ಮೆ ಡ್ರಿಪ್ ಮೂಲಕ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತು ಅಂದರೆ ಮೂಳೆ ಸವೆದಿದೆ ಅಂತಲೇ ಅರ್ಥ, ಮುಂದಿನ ಸಲ ಸೊಂಟದ ಮೂಳೆ ಮುರಿದರೆ ಅದನ್ನು ಹೀಗೆ ಬಿಡಲಾಗುವುದಿಲ್ಲ. ಹಾಗಾಗಿ ಪಕ್ಕದ ಮನೆಯವರು ಒಳ್ಳೆಯದನ್ನೇ ಹೇಳಿದ್ದಾರೆ. ಕೊಡಿಸುವ ಮುಂಚೆ ಮೂರು ರಕ್ತಪರೀಕ್ಷೆ ಮಾಡಿಸಿ: ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ. ಕಿಡ್ನಿ ಸೋತಿದ್ದರೆ ಇದನ್ನು ಕೊಡುವುದಿಲ್ಲ. ವಿಟಮಿನ್ ಡಿ ಕಡಿಮೆ ಇರುವಾಗ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು, ಆದ್ದರಿಂದ ಮೊದಲು ಡಿ ಸರಿಮಾಡಿಕೊಂಡು ಆಮೇಲೆ. ಅಲುಗಾಡುವ ಹಲ್ಲು, ಕೀಳಬೇಕಾದ ಹಲ್ಲು ಇದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಿ. ಡ್ರಿಪ್ ಆದ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ.

ಬಿಪಿ ಮಾತ್ರೆಯೂ ಇದ್ದರೆ ಎಷ್ಟು ಹೊತ್ತಿಗೆ ಕೊಡುತ್ತಿದ್ದೀರಿ? ಅಮ್ಮ ಬಚ್ಚಲಲ್ಲಿ ಬಿದ್ದದ್ದು ನೆಲ ಜಾರಿಯೋ, ಎದ್ದು ನಿಂತಾಗ ತಲೆ ಸುತ್ತಿಯೋ ಅಂತ ಒಮ್ಮೆ ವಿಚಾರಿಸಿ. ಮಲಗಿದ್ದಾಗ ಒಂದು ಸಲ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಂದು ಸಲ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಆ ಚೀಟಿಯನ್ನು ಹೃದಯದ ಡಾಕ್ಟರಿಗೆ ತೋರಿಸಿ, ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಅವರು ಬದಲಾಯಿಸುತ್ತಾರೆ.